ಖಾಲಿ ಸೇತುವೆ

ಅಪ್ಪ ಕಾಲುವೆಗೆ ಬೀಳಬಹುದಿತ್ತು, ಮಳೆ ಬಂದು ಬಣ್ಣ ಕದಡಬಹುದಿತ್ತು, ಅಷ್ಟು ಜನರಲ್ಲಿ ಹಂಸ ನನ್ನನ್ನೇ ಹುಡುಕಿ ಕಚ್ಚಬಹುದಿತ್ತು. ಚಿಂತಿಸುವುದರಲ್ಲಿ ನಾನು ಒಂಬತ್ತನೇ ವಯಸ್ಸಿಗೇ ಪಳಗಿದ್ದೆ. ಈಗಲೂ ಹಾಲ್‌ನಲ್ಲಿರುವ ಆ ಖಾಲಿ ಸೇತುವೆಯ ಚಿತ್ರ ಒರೆಸುವಾಗ ಬರ್ಮಿಂಗ್‌ಹ್ಯಾಮಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಮರುದಿನ ಮತ್ತೆ ಆಸ್ಪತ್ರೆ ಸೇರಬೇಕಿದ್ದ ಅಮ್ಮ ಶಾಲು ಹೊದ್ದು ಕಾಲುವೆಯ ಸೇತುವೆಯ ಮೇಲೆ ನಿಂತಿದ್ದಳು. ಅವಳ ಚಿತ್ರ ಬಿಡಿಸಲೆಂದೇ ಬಂದಿದ್ದ ಅಪ್ಪ, ಎಷ್ಟಾದರೂ ಇಂಜಿನಿಯರ್, ಕಮಾನಿನ ಒಂದೊಂದೇ ಇಟ್ಟಿಗೆ, ಅದರ ಪಾಚಿ, ನೀರಿನಲ್ಲಿ ಅದರ ನೆರಳು ಬರೆಯುತ್ತ ಕೂತರು.

"ನನ್ನ ಪಾಳಿ ಯಾವಾಗ್ರೀ? ಇಟ್ಟಂಗಿ ಎಲ್ಲಿ ಓಡಿ ಹೋಗ್ತಾವ?" ಎಂದು ಅಮ್ಮ ನಕ್ಕಳು.

"ತಡಿ, ನೀ ನಿಲ್ಲಾಕ ಮೊದಲ ಸೇತುವಿ ಬ್ಯಾಡೇನು?"

ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಸೇತುವೆ ಮುಗಿಸಿ ಅಪ್ಪ ತಲೆಯೆತ್ತಿದಾಗ, ಅಮ್ಮ ಚಳಿ ತಡೆಯಲಾರದೆ ಕಾರಿನಲ್ಲಿ ಹೋಗಿ ಕೂತಿದ್ದಳು.