ಕೊಟ್ಟಿಗೆಯಲ್ಲಿ ಉಳಿದವಳು

ಶಾವಂತ್ರವ್ವನ ಮೂರು ಹಸುಗಳು ಒಂದಾದ ಮೇಲೊಂದು ಒಂದೇ ರೀತಿ ಸತ್ತವು. ಹೊಟ್ಟೆ ತುಂಬ ಮೇಯುತ್ತಿದ್ದವು, ಜ್ವರವೂ ಇರಲಿಲ್ಲ. ಆದರೂ ಸಗಣಿ ನೀರಾಗಿ ಹರಿದು, ತಿಂಗಳುಗಟ್ಟಲೆ ಸೊರಗಿ, ಎಲುಬಿನ ಹಂದರವಾಗಿ ನೆಲಕ್ಕೆ ಬಿದ್ದವು. ಖಾಲಿ ಗೂಟಗಳ ಕಡೆ ನೋಡಲು ಅವಳಿಗೆ ಧೈರ್ಯವಾಗುತ್ತಿರಲಿಲ್ಲ. ಅಲ್ಲಿ ಇನ್ನೂ ಯಾರೋ ಮೆಲುಕು ಹಾಕುತ್ತಿರುವಂತೆ ಕೇಳುತ್ತಿತ್ತು.

ಈಗ ನಾಲ್ಕನೆಯದೂ ಸೊರಗತೊಡಗಿದಾಗ ದನದ ಡಾಕ್ಟರು ಬಂದು ರಕ್ತ ತೆಗೆದರು. ಮುದಿ ಹಸು ಕೆಂಚಿಯ ಹತ್ತಿರ ಹೋದಾಗ ಶಾವಂತ್ರವ್ವ ಅಡ್ಡ ಬಂದಳು.

"ಇದನ್ನ ಬಿಡ್ರಿ ಸರ. ಒಂದಿನಾನೂ ಜಡ್ಡು ಬಿದ್ದಿಲ್ಲ. ಇದೊಂದ ನನಗ ಧೈರ್ಯ."

ಡಾಕ್ಟರು ಬಿಡಲಿಲ್ಲ. ಫಲಿತಾಂಶ ಹಿಡಿದು ಅವರು ಮತ್ತೆ ಬಂದಾಗ ಅವಳು ಕೆಂಚಿಯ ಹಣೆ ಸವರುತ್ತಿದ್ದಳು.

"ರೋಗ ಇದರಾಗೂ ಐತೆವ್ವಾ. ಇದರಿಂದನ ಹಬ್ಬಿರಬೇಕು."

"ಇಷ್ಟು ಮೈತುಂಬಿ ಐತಲ್ರಿ!"

"ಈ ಬ್ಯಾಕ್ಟೀರಿಯಾ ಕರುಳಾಗ ವರ್ಷಗಟ್ಟಲೆ ಸುಮ್ನ ಅಡಗಿರತಾವು. ಎಳೇ ಕರಗೋಳು ಹಾಲಿನಾಗ, ಸಗಣಿಯಾಗ ಅವನ್ನ ನುಂಗತಾವು. ದೊಡ್ಡವಾದ ಮ್ಯಾಲ ಸೊರಗತಾವು."

"ಔಷಧ?"

"ಇಲ್ಲವ್ವಾ. ಇದನ್ನ ಬ್ಯಾರೆ ಕಟ್ಟಬೇಕು. ಕರಗೋಳನ್ನ ಹತ್ತರ ಬಿಡಬಾರದು. ಸತ್ತ ಆಕಳು ಇದರ ಮಕ್ಕಳೇನು?"

"ಹೌದ್ರಿ. ಮೂರೂ."

"ಬ್ಯಾರೆ ಯಾವುದಾದ್ರೂ ಕರ ಇದರ ಹಾಲು ಕುಡದೈತೇನು?"

ಅವಳ ಕೈ ಕೆಂಚಿಯ ಹಣೆಯ ಮೇಲೆಯೇ ನಿಂತಿತು.

"ಈ ಊರಾಗ ತಾಯಿ ಸತ್ತ ಕರಗೋಳೆಲ್ಲಾ ಇದರ ಹಾಲು ಕುಡದ ಬೆಳದಾವ್ರಿ."