ಎಷ್ಟು ಡಿಗ್ರಿ

ಲಿಗಮೆಂಟ್ ಆಪರೇಷನ್ ಆಗಿ ಎರಡು ತಿಂಗಳಾದರೂ ಅವನ ಮೊಣಕಾಲು ಒನಕೆಯಂತೆ ಸೆಟೆದುಕೊಂಡಿತ್ತು. ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಕಾಲು ಮಡಚಿಸಿ ಅಳೆದಳು.

"ಅರವತ್ತು ಡಿಗ್ರಿಗೇ ನಿಂತಿದೆ. ದಿನಾ ವ್ಯಾಯಾಮ ಮಾಡಿಸೋರು ಯಾರು?"

"ಇವಳೇ, ದರಿದ್ರದೋಳು," ಎಂದು ಅವನು ಹೆಂಡತಿಯ ಮೇಲೆ ಹರಿಹಾಯ್ದ. "ಬೆಂಕಿ ಮುಟ್ಟಿದ ಹಾಗೆ ಮುಟ್ಟಿ ಕೈ ತೆಗೀತಾಳೆ. ಕಾಲು ಸರಿಹೋಗ್ಲಿ, ಇವಳಿಗಿದೆ."

ಫಿಸಿಯೋಥೆರಪಿಸ್ಟ್ ಹೆಂಡತಿಯತ್ತ ತಿರುಗಿದಳು. "ಹೀಗೇ ಬಿಟ್ರೆ ಕಾಲು ಪೂರ್ತಿ ಬಿಗಿದುಹೋಗುತ್ತೆ ಕಣಮ್ಮ. ನಡೆಯೋಕೆ ಎಪ್ಪತ್ತು ಡಿಗ್ರಿಯಾದ್ರೂ ಮಡಚಬೇಕು, ಮೆಟ್ಟಿಲು ಹತ್ತೋಕೆ ತೊಂಬತ್ತು, ನೆಲದ ಮೇಲೆ ಕೂರೋಕೆ ನೂರಮೂವತ್ತು."

ಆಮೇಲೆ ಹೆಂಡತಿ ಅವಳನ್ನು ಕಳಿಸಿಕೊಡಲು ಗೇಟಿನವರೆಗೆ ಬಂದು, ಒಮ್ಮೆ ಹಿಂತಿರುಗಿ ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು:

"ಒದೆಯೋಕೆ ಎಷ್ಟು ಬೇಕು, ಮೇಡಂ?"