ನಾಣಯ್ಯನ ತೋಟೆ ಕಾಯಿಸುವ ಯಂತ್ರ

ಕೋವಿಯ ಹಿತ್ತಾಳೆ ತೋಟೆಗೆ ಮತ್ತೆ ಮತ್ತೆ ಮದ್ದು ತುಂಬಿ ಹಾರಿಸಿದರೆ ಅದರ ಬಾಯಿ ಗಡುಸಾಗಿ ಸೀಳಿಹೋಗುತ್ತದೆ. ಹದವಾಗಿ ಕಾಯಿಸಿದರೆ ಮೆತ್ತಗಾಗಿ ಮತ್ತೆ ಮಾತು ಕೇಳುತ್ತದೆ. ಆ ಹದ ಹಿಡಿಯಲು ನಾಣಯ್ಯ ಹಳೇ ಜೀಪಿನ ವೈಪರ್ ಮೋಟಾರು, ಗ್ಯಾಸ್ ಬರ್ನರು, ಹೆಂಡತಿಯ ದೋಸೆ ಕಾವಲಿ ಎಲ್ಲ ಸೇರಿಸಿ ಒಂದು ಯಂತ್ರ ಕಟ್ಟುತ್ತಿದ್ದ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಎಂಟೇ ದಿನ ಉಳಿದಿತ್ತು. ಕಾವಲಿ ತಿರುಗಿದರೆ ತೋಟೆ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಳ್ಳದಿದ್ದರೆ ಕೆಂಪಗೆ ಬೆಂದು ಹಾಳಾಗುತ್ತಿತ್ತು.

ಜಗಲಿಯಲ್ಲಿ ಕೂತಿದ್ದ ಅಜ್ಜ ಮೋಟಾರಿನ ದನಿಯನ್ನು ಹಾಗೇ ಅಣಕಿಸಿದರು. “ಗರ್‍ರ್‍ರ್... ಟಕ್. ನಿಂತ್ಹೋಯ್ತು.”

“ಅಜ್ಜ, ಸ್ವಲ್ಪ ಸುಮ್ನಿರ್ತೀರಾ?”

“ನಾನು ಸುಮ್ನಾಗೋಕೆ ಮುಂಚೆ ನಿನ್ನ ಕೆಲ್ಸ ಮುಗಿಸು. ನಂಗೆ ಎರಡು ತೋಟೆ ಬೇಕು.”

ದಿನಾ ಬೆಳಗಾದರೆ ಇದೇ ರಾಗ. ನಾಣಯ್ಯ ಸ್ಪ್ಯಾನರನ್ನು ಅಂಗಳಕ್ಕೆ ಎಸೆದ.

“ಇಷ್ಟು ದಿನ ಒದ್ದಾಡಿದ್ದಕ್ಕೆ ಒಂದೇ ಒಂದು ಸರಿಯಾಗಿ ಬಂದಿದೆ. ಅದನ್ನೇ ಇಟ್ಕೊಳ್ಳಿ. ಕಾಫಿ ಲೋಟ ಎತ್ತೋಕೇ ಕೈ ನಡುಗುತ್ತೆ, ನಿಮಗ್ಯಾಕೆ ಎರಡು?”

“ಹೊಡೆಯೋನು ನಾನಲ್ಲ ಕಣೋ, ನೀನು.”

“ನಾನಾ? ಯಾವುದಕ್ಕೆ ಹೊಡೀಬೇಕು?”

ಅಜ್ಜ ಬರ್ನರಿನ ಉರಿಯನ್ನೇ ನೋಡುತ್ತ ಹೇಳಿದರು. “ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು ಅಂತ ಊರಿಗೆಲ್ಲ ಗೊತ್ತು. ನಾನು ಹೋದ ದಿನ ನೀನು ಒಂದೇ ಹಾರಿಸಿ ನಿಂತ್ರೆ, ಎಲ್ಲಾರೂ ನಗ್ತಾ ನಗ್ತಾ ತೊಟ್ಟಿಲು ನೋಡೋಕೆ ಬರ್ತಾರೆ.”